ಕಾಂತೀಯ ನ್ಯಾನೊಕಣಗಳ ಮೇಲೆ ಲಿಪೇಸ್: ಮೂರು ಮೇಲ್ಮೈಗಳ ಹೋಲಿಕೆ

ಕೊಬ್ಬನ್ನು ಒಡೆಯುವ ಲಿಪೇಸ್ ಕಿಣ್ವವನ್ನು ಮ್ಯಾಗ್ನೆಟೈಟ್ (ಕಾಂತೀಯ ಕಬ್ಬಿಣದ ಆಕ್ಸೈಡ್) ಕಣಗಳ ಮೇಲೆ ನೆಲೆಗೊಳಿಸಿ, ಬಳಕೆಯಾದ ಮೇಲೆ ಅಯಸ್ಕಾಂತದಿಂದ ಎಳೆದುಕೊಂಡು ಮತ್ತೆ ಬಳಸುವುದು ನನ್ನ ಉದ್ದೇಶವಾಗಿತ್ತು. ಫೆರಸ್ ಮತ್ತು ಫೆರಿಕ್ ಲವಣಗಳನ್ನು 1:2 ಮೋಲಾರ್ ಅನುಪಾತದಲ್ಲಿ ಕರಗಿಸಿ, ನೈಟ್ರೋಜನ್ ಹಾಯಿಸುತ್ತ ಅಮೋನಿಯಾ ಸೇರಿಸಿ ಪಡೆದ ಕಪ್ಪು ಕಣಗಳನ್ನು ಮೂರು ಪಾಲು ಮಾಡಿ, ಒಂದೊಂದಕ್ಕೂ ಬೇರೆ ಮೇಲ್ಮೈ ಕೊಟ್ಟೆ.

ಮೊದಲನೆಯದು ಅಮೈನೊ ಸಿಲೇನ್ ಮತ್ತು ಗ್ಲುಟರಾಲ್ಡಿಹೈಡ್ ಜೋಡಿ: ಸಿಲೇನ್ ಕಣದ ಮೇಲೆ ಅಮೈನ್ ಗುಂಪು ಕೂರಿಸುತ್ತದೆ, ಗ್ಲುಟರಾಲ್ಡಿಹೈಡ್ ಅದನ್ನು ಕಿಣ್ವಕ್ಕೆ ಬೆಸೆಯುತ್ತದೆ. ಪ್ರೋಟೀನ್ ಅಳೆಯುವ ಬ್ರಾಡ್‌ಫೋರ್ಡ್ ಪರೀಕ್ಷೆಯಲ್ಲಿ, ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿದ ತಿಳಿದ್ರಾವಣದಲ್ಲಿ ಪ್ರೋಟೀನ್ ಬಹುತೇಕ ಉಳಿದಿರಲಿಲ್ಲವಾದ್ದರಿಂದ ಕೆಲಸ ಗೆದ್ದಿತೆಂದುಕೊಂಡೆ; ಆದರೆ ಪ್ಯಾರಾ ನೈಟ್ರೋಫಿನೈಲ್ ಎಸ್ಟರ್ ಕೊಟ್ಟಾಗ, ಲಿಪೇಸ್ ಅದನ್ನು ಒಡೆದರೆ ಬರಬೇಕಾದ ಹಳದಿ ಬಣ್ಣ ತೀರ ಮಂಕಾಗಿತ್ತು. ಗ್ಲುಟರಾಲ್ಡಿಹೈಡ್ ಒಂದೇ ಕಿಣ್ವದ ಹಲವು ಲೈಸೀನ್‌ಗಳನ್ನು (ಅಮೈನ್ ಗುಂಪುಳ್ಳ ಅಮೈನೊ ಆಮ್ಲಗಳನ್ನು) ಹಿಡಿದು ಅದನ್ನು ಬಿಗಿಗೊಳಿಸಬಲ್ಲದು. ಜೊತೆಗೆ ಕಣಕ್ಕೆ ಕಣವನ್ನೇ ಬೆಸೆದು ಗಂಟು ಕಟ್ಟುತ್ತದೆ, ಗಂಟಿನ ಒಳಗಿರುವ ಕಿಣ್ವಕ್ಕೆ ತಲಾಧಾರ (ಕಿಣ್ವ ಒಡೆಯಬೇಕಾದ ವಸ್ತು) ತಲುಪುವುದು ಕಷ್ಟ. ಗ್ಲುಟರಾಲ್ಡಿಹೈಡ್‌ನ ಸಾಂದ್ರತೆಯನ್ನೂ ಅವಧಿಯನ್ನೂ ತಗ್ಗಿಸಿದ ಮೇಲೆ ಅಂಟಿದ ಪ್ರೋಟೀನ್ ಕಡಿಮೆಯಾಯಿತು, ಚಟುವಟಿಕೆ ಮಾತ್ರ ಹೆಚ್ಚಿತು. ಅಂದಿನಿಂದ ನಾನು ಲೆಕ್ಕ ಹಾಕುವುದು ಅಂಟಿದ ಪ್ರಮಾಣವನ್ನಲ್ಲ, ಅಂಟಿದ ಪ್ರತಿ ಮಿಲಿಗ್ರಾಂ ಪ್ರೋಟೀನ್ ತೋರುವ ಚಟುವಟಿಕೆಯನ್ನು. ಹಾಗೆ ನೋಡಿದರೆ ತಿಳಿದ್ರಾವಣದ ವ್ಯತ್ಯಾಸದಿಂದ ಮಾಡುವ ಲೆಕ್ಕವೂ ಮೋಸಗೊಳಿಸುತ್ತದೆ, ಏಕೆಂದರೆ ನಳಿಕೆಯ ಗೋಡೆಗೆ ಅಂಟಿದ ಪ್ರೋಟೀನ್ ಸಹ ಕಣಗಳ ಖಾತೆಗೇ ಸೇರುತ್ತದೆ. ಮೊದಲ ಸಲ ಟ್ರಿಸ್ ಬಫರ್ ಬಳಸಿ ಕೆಡಿಸಿಕೊಂಡದ್ದನ್ನೂ ಹೇಳಬೇಕು: ಅದರ ಅಮೈನ್ ಗುಂಪು ಕಿಣ್ವಕ್ಕೆಂದು ಇಟ್ಟಿದ್ದ ಆಲ್ಡಿಹೈಡನ್ನು ತಾನೇ ಕಬಳಿಸುತ್ತದೆ.

ಎರಡನೆಯದಾಗಿ ಸಿಟ್ರಿಕ್ ಆಮ್ಲ ಲೇಪಿಸಿ, ಕಾರ್ಬೋಡೈಇಮೈಡ್ ಎಂಬ ಬೆಸುಗೆಕಾರಕದ ಮೂಲಕ ಆಮ್ಲಕ್ಕೂ ಕಿಣ್ವಕ್ಕೂ ನಡುವೆ ಅಮೈಡ್ ಬಂಧ ಕಟ್ಟಿದೆ. ಕಣಗಳು ನೀರಿನಲ್ಲಿ ಎಷ್ಟು ಚೆನ್ನಾಗಿ ಹರಡಿದವೆಂದರೆ ಅಯಸ್ಕಾಂತ ಅವುಗಳನ್ನು ಒಟ್ಟುಗೂಡಿಸಲು ಬಹಳ ಹೊತ್ತು ತೆಗೆದುಕೊಂಡಿತು. ಚಟುವಟಿಕೆ ಚೆನ್ನಾಗಿತ್ತು, ಬಾಳಿಕೆ ಇರಲಿಲ್ಲ. ಕಿಣ್ವ ಮತ್ತು ಸಿಟ್ರೇಟ್ ನಡುವಿನ ಬಂಧ ಗಟ್ಟಿಯಾದದ್ದು; ಸಿಟ್ರೇಟ್ ಮತ್ತು ಕಬ್ಬಿಣದ ನಡುವಿನದು ಅಷ್ಟಲ್ಲ, ಫಾಸ್ಫೇಟ್ ಬಫರ್‌ನಲ್ಲಿ ತೊಳೆದಾಗ ಫಾಸ್ಫೇಟ್ ಆ ಜಾಗಕ್ಕೆ ಪೈಪೋಟಿ ಮಾಡಿ ಕಿಣ್ವವನ್ನು ಸಿಟ್ರೇಟ್ ಸಮೇತ ಹೊರಹಾಕಬಲ್ಲದು.

ಮೂರನೆಯದು 2007ರಲ್ಲಿ ವರದಿಯಾದ ಪಾಲಿಡೋಪಮೈನ್ ಲೇಪನ. ಪಿಎಚ್ 8.5ರ ಟ್ರಿಸ್ ದ್ರಾವಣದಲ್ಲಿ ಡೋಪಮೈನ್ ಹಾಕಿ, ಗಾಳಿ ಆಡುವಂತೆ ಕಲಕುತ್ತಿದ್ದರೆ ಸಾಕು, ಅದು ತಾನಾಗಿಯೇ ಪಾಲಿಮರ್ ಆಗಿ ಕಣದ ಮೇಲೆ ಕೂರುತ್ತದೆ. ಬಳಿಕ ಟ್ರಿಸ್ ಪೂರ್ತಿ ಹೋಗುವವರೆಗೆ ತೊಳೆದು ಕಿಣ್ವ ಸೇರಿಸಿದರೆ, ಲೇಪನದ ಕ್ವಿನೋನ್ ಗುಂಪುಗಳು ಬೇರೆ ಬೆಸುಗೆಕಾರಕವಿಲ್ಲದೆಯೇ ಅಮೈನ್‌ಗಳೊಂದಿಗೆ ಬಂಧ ಕಟ್ಟುತ್ತವೆ. ಕಣಗಳು ಮೊದಲೇ ಕಪ್ಪಾದ್ದರಿಂದ ಲೇಪನವಾಯಿತೇ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ರಾತ್ರಿಯಿಡೀ ಬಿಟ್ಟದ್ದಕ್ಕಿಂತ ಕೆಲವೇ ಗಂಟೆಗಳಲ್ಲಿ ನಿಲ್ಲಿಸಿದ ತೆಳು ಲೇಪನವೇ ನನಗೆ ಒಗ್ಗಿತು, ಮರುಬಳಕೆಗೆ ಈಗ ಇದನ್ನೇ ಆರಿಸುತ್ತೇನೆ. ಇದರಲ್ಲೂ ಸುತ್ತು ಸುತ್ತಿಗೆ ಚಟುವಟಿಕೆ ಇಳಿಯಿತು. ಆದರೆ ಪ್ರತಿ ತೊಳೆತದಲ್ಲೂ ಒಂದಷ್ಟು ಕಣಗಳು ನೀರಿನೊಂದಿಗೆ ಹೋಗುತ್ತಿದ್ದುದನ್ನು ಕಂಡ ಮೇಲೆ, ಇಳಿಕೆಯನ್ನೆಲ್ಲ ಕಿಣ್ವದ ತಲೆಗೆ ಕಟ್ಟುವ ಮುನ್ನ ಕೊನೆಯ ಸುತ್ತಿನ ಕಣಗಳನ್ನು ಒಣಗಿಸಿ ತೂಗುತ್ತಿದ್ದೇನೆ.