ಮೂರು ಲೀಟರ್ ಕುಕ್ಕರ್, ಒಂದು ಈಕೋ ಗಾಡಿ, ಎಂಟು ತಿಂಗಳ ಕಾಳುಸಾರು

ಮೊದ್ಲೇ ಹೇಳ್ಬಿಡ್ತೀನಿ, ಕುಕ್ಕರ್ ಕಂಪನಿ ಹೆಸರು ಹಾಕಲ್ಲ. ಒಂದೆರಡು ಕಡೆ ಬೈದಿದೀನಿ, ಹೊಗಳಿರೋದೂ ಇದೆ, ಯಾರೂ ದುಡ್ಡು ಕೊಟ್ಟಿಲ್ಲ, ತಿಪಟೂರಿನ ಪಾತ್ರೆ ಅಂಗಡೀಲಿ 1,300 ಚಿಲ್ಲರೆ ಕೊಟ್ಟು ತಗೊಂಡಿದ್ದು. ಮೂರು ಲೀಟರ್, ಅಲ್ಯೂಮಿನಿಯಂ, ಒಳಗಡೆಯಿಂದ ಮುಚ್ಚಳ ಕೂರೋ ಥರದ್ದು, ಅಗಲ ತಳ. ನಾವಿಬ್ರು ನವೆಂಬರ್‌ನಲ್ಲಿ ಈಕೋ ಗಾಡಿ ಹಿಂದಿನ ಸೀಟ್ ಕಿತ್ತಾಕಿ ಮಂಚ ಹೊಡ್ಸಿ ಹೊರಟ್ವಿ, ಕರಾವಳಿ, ಗುಜರಾತ್, ರಾಜಸ್ಥಾನ, ಹಿಮಾಚಲದ ಸ್ಪಿತಿ, ಲಡಾಖ್‌ನ ಲೇ ಎಲ್ಲಾ ಮುಗಿಸ್ಕೊಂಡು ಜುಲೈನಲ್ಲಿ ವಾಪಸ್. ಅಷ್ಟು ದಿನವೂ ಹೆಚ್ಚುಕಮ್ಮಿ ದಿನಾ ಒಂದ್ಸಲ ಕಾಳೋ ಬೇಳೆನೋ ಈ ಕುಕ್ಕರ್‌ನಲ್ಲೇ ಬೆಂದಿದೆ. ಅದಕ್ಕೇ ರಿವ್ಯೂ ಬರೆಯೋ ಹಕ್ಕಿದೆ ಅನ್ಕೊಂಡಿದೀನಿ.

ಕಾಳು ಯಾಕೆ ಅಂತ ಸುಮಾರು ಜನ ಕೇಳಿದ್ರು, ಮ್ಯಾಗಿ ಮಾಡ್ಕೋಬಹುದಲ್ಲ ಅಂತ. ಒಂದು ವಾರ ಮಾಡ್ಕೋಬಹುದು ಕಣ್ರೀ. ಆಮೇಲೆ ಹೊಟ್ಟೆ ಕೇಳಲ್ಲ. ಗಾಡೀಲಿ ಫ್ರಿಜ್ ಇಲ್ಲ, ತರಕಾರಿ ಎರಡು ದಿನಕ್ಕೆ ಬಾಡೋಗುತ್ತೆ, ಒಣಕಾಳು ಮಾತ್ರ ಬಿಸಿಲಲ್ಲೂ ಚಳೀಲೂ ಹಂಗೇ ಕೂತಿರುತ್ತೆ, ಯಾವ ಊರಿಗೆ ಹೋದ್ರೂ ಕಿರಾಣಿ ಅಂಗಡೀಲಿ ಸಿಕ್ಕೇ ಸಿಗುತ್ತೆ. ಬಿಕಾನೇರ್ ಅಂಗಡೀಲಿ ಮೂಟೆಗಟ್ಲೆ ಮಡಿಕೆ ಕಾಳು ನೋಡಿ ನಮ್ಮನೆಯವ್ರಿಗೆ ಏನ್ ಖುಷಿ ಅಂತೀರಿ, ಅವರಮ್ಮ ಬಾಗಲಕೋಟೆ ಕಡೆಯವ್ರು, ಚಿಕ್ಕೋರಿದ್ದಾಗಿಂದ ತಿಂದಿರೋ ಕಾಳು. ಅಲ್ಲಿ ಅದಕ್ಕೆ ಮೋಠ್ ಅಂತಾರೆ, ಬಿಕಾನೇರಿ ಭುಜಿಯಾ ಮಾಡೋದೂ ಅದರ ಹಿಟ್ಟಲ್ಲೇ. ಎರಡು ಕೆಜಿ ತಗೊಂಡ್ವಿ.

ಈಗ ಕುಕ್ಕರ್ ವಿಷ್ಯ. ಅಂಗಡಿಯವ್ನು ಮೂರು ಲೀಟರಲ್ಲೇ ಎರಡು ಆಕಾರ ತೋರ್ಸಿದ, ಉದ್ದಕ್ಕಿರೋದು ಒಂದು, ಅಗಲಕ್ಕಿರೋದು ಒಂದು. ಅಗಲದ್ದೇ ತಗೊಳ್ಳಿ. ಸಿಂಗಲ್ ಬರ್ನರ್ ಒಲೆ ಮೇಲೆ, ಅದೂ ಒರಟು ನೆಲದ ಮೇಲೆ, ಉದ್ದದ್ದು ವಾಲುತ್ತೆ, ಬೆಂಕಿ ಪಕ್ಕದಿಂದ ಹಾರೋಗುತ್ತೆ. ಅಗಲದ್ದಕ್ಕೆ ತಳ ಪೂರ್ತಿ ಬೆಂಕಿ ಹತ್ತುತ್ತೆ, ಒಗ್ಗರಣೆನೂ ಅದರಲ್ಲೇ ಹಾಕ್ಬಹುದು, ಬೇರೆ ಬಾಣಲೆ ಬೇಡ. ಒಳ ಮುಚ್ಚಳದ್ದು ಯಾಕಂದ್ರೆ ಪ್ರೆಶರ್ ಇಳಿಯೋತನಕ ಅದು ಬಿಚ್ಚೋಕೇ ಬರಲ್ಲ, ಹಸಿವಲ್ಲಿ ಅವಸರ ಮಾಡೋ ಗಂಡಸ್ರು ಜೊತೇಲಿದ್ರೆ ಇದು ದೊಡ್ಡ ವಿಷ್ಯ. ಮೈನಸ್ ಏನಂದ್ರೆ ಬಾಯಿ ಚಿಕ್ಕದು, ದೊಡ್ಡ ಸೌಟು ತಿರುಗಲ್ಲ. ಮೂರು ಲೀಟರ್ ಅಂತ ಬರೆದಿರೋದಕ್ಕೆ ಮೋಸ ಹೋಗ್ಬೇಡಿ, ಕಾಳಿಗೆ ಅರ್ಧದ ಮೇಲೆ ತುಂಬಿಸಂಗಿಲ್ಲ, ಅಂದ್ರೆ ನಿಜವಾದ ಅಳತೆ ಒಂದೂವರೆ ಲೀಟರ್. ಇಬ್ರಿಗೆ ಸಾಕು, ಮೂರನೇವ್ರು ಬಂದ್ರೆ ಅನ್ನಕ್ಕೆ ಇನ್ನೊಂದ್ಸಲ ಇಡ್ಬೇಕು. ಶುರುವಿನಲ್ಲಿ ನನಗೆ ಅಂದಾಜಿರ್ಲಿಲ್ಲ, ತೊಗರಿಬೇಳೆ ಮುಕ್ಕಾಲು ಭಾಗ ತುಂಬಿಸಿ ಇಟ್ಟೆ, ನೊರೆ ಉಕ್ಕಿ ವಿಷಲ್ ಬಾಯಿಂದ ಹಳದಿ ನೀರು ಕಾರಂಜಿ ಥರ ಎದ್ದು ಹೊಸಾ ಕರ್ಟನ್ ಮೇಲೆಲ್ಲಾ. ಕಲೆ ಇವತ್ತಿಗೂ ಇದೆ. ಒಂದು ಹನಿ ಎಣ್ಣೆ ಹಾಕಿದ್ರೆ ನೊರೆ ತಗ್ಗುತ್ತೆ ಅಂತ ಅತ್ತೆ ಆಮೇಲೆ ಹೇಳಿದ್ರು.

ವಿಷಲ್ ಎಣಿಸೋ ಅಭ್ಯಾಸ ರೋಡಲ್ಲಿ ಬಿಟ್ಬಿಡ್ಬೇಕು. ಹೈವೇ ಪಕ್ಕ ಡಾಬಾ ಹಿಂದೆ ಗಾಡಿ ಹಾಕಿದೀವಿ, "ರೀ, ಎಷ್ಟು ಕೂಗಾಯ್ತು?" ಅಂದ್ರೆ "ಗೊತ್ತಿಲ್ಲ ಕಣೇ, ಎರಡು ಕುಕ್ಕರ್‌ದು, ಮಿಕ್ಕಿದ್ದು ಲಾರಿದಿರ್ಬೇಕು" ಅಂತಾರೆ. ಅದಕ್ಕೆ ಮೊದಲ್ನೇ ವಿಷಲ್ ಬಂದ ತಕ್ಷಣ ಉರಿ ಸಣ್ಣ ಮಾಡಿ ಮೊಬೈಲಲ್ಲಿ ಟೈಮರ್ ಇಡೋದು. ರಾತ್ರಿ ನೆನೆಸಿದ ಕಡ್ಲೆಗೆ 15 ನಿಮಿಷ, ಅಲಸಂದೆಗೆ ಎಂಟು, ಹೆಸರುಕಾಳು ನೆನೆಸದೇ ಇದ್ರೂ ಹತ್ತರೊಳಗೆ. ಹುರುಳಿ ಮಾತ್ರ ಹಠಮಾರಿ, ನೆನೆಸಿದ್ರೂ 25. ಆಫ್ ಮಾಡಿದ ಮೇಲೆ ಕುಕ್ಕರ್‌ನ ಕುರಿ ಕಂಬಳೀಲಿ ಸುತ್ತಿ ಪಕ್ಕಕ್ಕಿಟ್ರೆ ಪ್ರೆಶರ್ ನಿಧಾನಕ್ಕೆ ಇಳಿಯುತ್ತೆ, ಆ ಹೊತ್ತಲ್ಲೂ ಒಳಗೆ ಬೇಯ್ತಾನೇ ಇರುತ್ತೆ, ನಾಕೈದು ನಿಮಿಷದ ಗ್ಯಾಸ್ ಉಳೀತು. ಚಳ್ಳಕೆರೆ ಕಂಬಳಿ ನಮ್ಮದು, ಹೊದ್ಕೊಳ್ಳೋದಕ್ಕಿಂತ ಕುಕ್ಕರ್‌ಗೇ ಜಾಸ್ತಿ ಬಳಕೆ ಆಗಿದೆ.

ಕುಕ್ಕರ್ ಮೇಲೆ ನನಗೆ ಸಿಟ್ಟು ಬಂದಿದ್ದು ಭುಜ್ ಹತ್ರ, ಆದ್ರೆ ತಪ್ಪು ಅದರದ್ದಲ್ಲ. ಒಂದು ಊರಲ್ಲಿ ಬೋರ್ ನೀರು ಹಿಡ್ಕೊಂಡು ಅದರಲ್ಲೇ ಕಡ್ಲೆ ನೆನೆಸಿ ಬೇಯಿಸಿದ್ರೆ ಅರ್ಧ ಗಂಟೆ ಆದ್ರೂ ಕಲ್ಲು. ಹಲ್ಲಿಗೆ ಟಕ್ ಅನ್ನುತ್ತೆ. ಮತ್ತೆ ಇಟ್ಟೆ, ಮತ್ತೆ ಕಲ್ಲು. ಗ್ಯಾಸ್ಕೆಟ್ ಹೋಗಿದೆ ಅಂತ ಬಿಚ್ಚಿ ನೋಡಿದ್ದೂ ಆಯ್ತು. ಅತ್ತೆಗೆ ಫೋನ್ ಮಾಡಿದ್ರೆ ಮೊದಲ್ನೇ ಪ್ರಶ್ನೆ "ಬೋರ್ ನೀರೇನವ್ವಾ?" ಅಂತ. ಗಡಸು ನೀರಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಒಳಗಿರೋ ಪೆಕ್ಟಿನ್ ಅನ್ನೋ ಅಂಟನ್ನ ಹಿಡ್ಕೊಂಡುಬಿಡುತ್ತೆ, ಕಾಳು ಒಡೆದು ಮೆತ್ತಗಾಗೋಕೆ ಬಿಡಲ್ಲ. ಒಂದು ಚಿಟಿಕೆ ಸೋಡಾ ಹಾಕಿದ್ರೆ ಸರಿಹೋಗುತ್ತೆ, ಜಾಸ್ತಿ ಆದ್ರೆ ಸೋಪಿನ ವಾಸನೆ. ನೆನೆಸೋ ನೀರಿಗೆ ಉಪ್ಪು ಹಾಕಿದ್ರೂ ನಡೆಯುತ್ತೆ, ಲೀಟರ್‌ಗೆ ಎರಡು ಟೀ ಚಮಚ, ಆ ನೀರು ಚೆಲ್ಲಿ ಬೇರೆ ನೀರಲ್ಲಿ ಬೇಯ್ಸೋದು. ಉಪ್ಪು ಹಾಕಿದ್ರೆ ಕಾಳು ಬೇಯಲ್ಲ ಅಂತ ನಾನೂ ನಂಬಿದ್ದೆ, ಸುಳ್ಳು ಅದು. ಹುಣಸೆಹಣ್ಣು, ಟೊಮೇಟೊ ಮಾತ್ರ ಬೆಂದಮೇಲೇ ಹಾಕ್ಬೇಕು, ಹುಳಿ ಬಿದ್ರೆ ಮುಗೀತು. ಆಮೇಲಿಂದ ನಾವು 20 ಲೀಟರ್ ಕ್ಯಾನ್ ನೀರು ಕುಡಿಯೋಕೂ ಕಾಳಿಗೂ, ಬೋರ್ ನೀರು ಪಾತ್ರೆಗೆ ಅಂತ ಪಾಲು ಮಾಡ್ಕೊಂಡ್ವಿ. ಅಲ್ಯೂಮಿನಿಯಂ ಒಳಗೆ ಕಪ್ಪಾಗಿದ್ದೂ ಅದೇ ನೀರಿಗೆ, ನಿಂಬೆಹಣ್ಣಿನ ಸಿಪ್ಪೆ ಹಾಕಿ ಕುದಿಸಿದ್ರೆ ಹೋಗುತ್ತೆ.

ಲೇನಲ್ಲಿ ಗೊತ್ತಾಯ್ತು ಈ ಡಬ್ಬದ ಬೆಲೆ. ಸುಮಾರು 3,500 ಮೀಟರ್ ಎತ್ತರ, ನೀರು ಅಲ್ಲಿ 88 ಡಿಗ್ರಿ ಹತ್ರಾನೇ ಕುದ್ದುಬಿಡುತ್ತೆ, ಎಷ್ಟು ಉರಿ ಹಾಕಿದ್ರೂ ಅದಕ್ಕಿಂತ ಬಿಸಿ ಆಗಲ್ಲ. ಪಕ್ಕದಲ್ಲಿ ಟೆಂಟ್ ಹಾಕಿದ್ದ ಹುಡುಗ್ರು ಪಾತ್ರೇಲಿ ರಾಜ್ಮಾ ಇಟ್ಟು ಎರಡು ಗಂಟೆ ಕಾದ್ರು, ಪಾಪ, ಕೊನೆಗೆ ನಮ್ಮ ಕುಕ್ಕರ್ ಇಸ್ಕೊಂಡೋದ್ರು. ಕುಕ್ಕರ್ ಒಳಗೂ ಊರಲ್ಲಿ ಸಿಗೋ 120 ಸಿಗಲ್ಲ, ಒಂದು 115 ಅಂದ್ಕೊಳ್ಳಿ, ಅದಕ್ಕೆ ಎಲ್ಲಾ ಟೈಮಿಗೂ ಅರ್ಧದಷ್ಟು ಸೇರಿಸ್ಬೇಕು. ಸ್ಪಿತಿಯ ಕಾಜಾದಲ್ಲಿ ತಗೊಂಡ ಒಣ ಬಟಾಣಿ ರಾತ್ರಿ ನೆನೆಸಿ 30 ನಿಮಿಷ ಇಟ್ಟ ಮೇಲೆ ಬೆಣ್ಣೆ ಆಯ್ತು, ಅಂಥ ಸಿಹಿ ಬಟಾಣಿ ಊರಲ್ಲಿ ತಿಂದಿಲ್ಲ.

ರಾಜ್ಮಾ ಅಂದಾಗ ಇನ್ನೊಂದು ಹೇಳ್ಲೇಬೇಕು. ಹೊರಡೋ ಮುಂಚೆ ಆನ್‌ಲೈನಲ್ಲಿ ನಾಕು ಸಾವಿರ ಕೊಟ್ಟು ಥರ್ಮಲ್ ಕುಕ್ಕರ್ ಅಂತ ಒಂದು ತಗೊಂಡಿದ್ವಿ, ಒಂದ್ಸಲ ಕುದಿಸಿ ಮುಚ್ಚಿಟ್ಟು ಗಾಡಿ ಓಡಿಸ್ತಿದ್ರೆ ಸಂಜೆಗೆ ಅಡುಗೆ ರೆಡಿ ಅಂತ. ಅನ್ನಕ್ಕೆ, ಗಂಜಿಗೆ ಚೆನ್ನಾಗೇ ಇದೆ. ನಾವು ಬುದ್ಧಿವಂತ್ರು, ರಾಜ್ಮಾ ಎರಡೇ ಗಂಟೆ ನೆನೆಸಿ ಮೂರು ನಿಮಿಷ ಕುದಿಸಿ ಅದರಲ್ಲಿ ಮುಚ್ಚಿಟ್ವಿ. ಊಟ ಆಗಿ ಎರಡು ಗಂಟೆ ಆಗಿಲ್ಲ, ಇಬ್ರಿಗೂ ವಾಂತಿ, ಒಬ್ರ ಹಿಂದೆ ಒಬ್ರು, ರಾತ್ರಿಯೆಲ್ಲಾ. ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಅಂತ ಒಂದು ವಿಷ ಇರುತ್ತೆ, ಐದು ಗಂಟೆಗಿಂತ ಜಾಸ್ತಿ ನೆನೆಸಿ, ಆ ನೀರು ಚೆಲ್ಲಿ, ಚೆನ್ನಾಗಿ ಕೊತ ಕೊತ ಕುದಿಸಿದ್ರೇ ಅದು ಹೋಗೋದು, ಬರೀ ಬೆಚ್ಚಗೆ ಇಟ್ರೆ ಹೋಗಲ್ಲ. ಮಾಮೂಲಿ ಕುಕ್ಕರ್‌ನಲ್ಲಿ ಆ ಭಯ ಇಲ್ಲ. ಥರ್ಮಲ್ ಡಬ್ಬ ಈಗ ಬೆಳಗ್ಗೆ ಬಿಸಿನೀರು ಇಡೋಕೆ ಅಷ್ಟೇ.

ಅಡುಗೆ ಪೆಟ್ಟಿಗೆ ಬಗ್ಗೆನೂ ಸ್ವಲ್ಪ. ಊರಲ್ಲೇ ಮರಗೆಲಸದವ್ರ ಹತ್ರ ಪ್ಲೈವುಡ್‌ನಲ್ಲಿ ಡಿಕ್ಕಿಗೆ ಕೂರೋ ಥರ ಮಾಡ್ಸಿದ್ದು, ಎರಡು ಡ್ರಾಯರ್, ಮೇಲೆ ಒಲೆ ಇಡೋಕೆ ಮಡಚೋ ಹಲಗೆ. ಅಳತೆ ಕೊಟ್ಟಿದ್ದು ನಾವೇ, ಕುಕ್ಕರ್ ಅಗಲ ಅಳೆದ್ವಿ, ಹಿಡಿ ಅಳೆಯೋದು ಮರೆತ್ವಿ. ಡ್ರಾಯರ್ ಮುಚ್ಚಲ್ಲ! ಕೊನೆಗೆ ಪಕ್ಕದ ಹಲಗೇಲಿ ಒಂದು ತೂತು ಕೊರೆಸಿ ಹಿಡಿ ಅದರಿಂದ ಹೊರಗೆ ಬರೋ ಹಂಗೆ ಮಾಡಿದ್ವಿ, ನೋಡಿದವ್ರೆಲ್ಲಾ ಅದೇನದು ಅಂತ ಕೇಳ್ತಾರೆ. ಡ್ರಾಯರ್‌ಗೆ ಚಿಲಕ ಬೇಕೇ ಬೇಕು. ಹೊರಟ ಎರಡನೇ ದಿನ, ಯಲ್ಲಾಪುರ ದಾಟಿ ಅರೆಬೈಲು ಘಟ್ಟ ಇಳೀವಾಗ ಒಂದು ತಿರುವಲ್ಲಿ ಡ್ರಾಯರ್ ಪೂರ್ತಿ ಆಚೆ ಬಂತು, ಪ್ಲಾಸ್ಟಿಕ್ ಡಬ್ಬಗಳ ಮುಚ್ಚಳ ಹಾರಿ ಹುರುಳಿ, ಕಡ್ಲೆ, ಅಲಸಂದೆ, ಸಾಸಿವೆ ಎಲ್ಲಾ ಮಂಚದ ಕೆಳಗೆ. ಅಂಕೋಲಾದಲ್ಲಿ ಸಮುದ್ರದ ಪಕ್ಕ ಕೂತು ಒಂದು ಗಂಟೆ ಆರಿಸಿದ್ವಿ, ಆಮೇಲೆ ಸಾಕಾಗಿ ಸಾಸಿವೆ ಮಾತ್ರ ಜರಡಿ ಹಿಡಿದು ತೆಗೆದು ಮಿಕ್ಕಿದ್ದು ಒಟ್ಟಿಗೇ ಬೇಯಿಸಿದ್ವಿ, ಅಲಸಂದೆ ಕರಗಿಹೋಗಿತ್ತು, ಹುರುಳಿ ಹಂಗೇ ಇತ್ತು.

ಆವತ್ತಿಂದ ಕಾಳೆಲ್ಲಾ ಒಂದು ಲೀಟರ್ ನೀರಿನ ಖಾಲಿ ಬಾಟ್ಲಲ್ಲಿ. ತಮಾಷೆ ಅಲ್ಲ, ಇದಕ್ಕಿಂತ ಒಳ್ಳೇ ಡಬ್ಬ ಇಲ್ಲ. ಮುಕ್ಕಾಲು ಕೆಜಿ ಹಿಡಿಯುತ್ತೆ, ತಿರುಪಿನ ಮುಚ್ಚಳ ಹಾರಲ್ಲ, ಬಾಯಿ ಚಿಕ್ಕದಿರೋದ್ರಿಂದ ಬೇಕಾದಷ್ಟೇ ಸುರೀಬಹುದು, ಒಳಗೆ ಏನಿದೆ ಅಂತ ಕಾಣುತ್ತೆ, ಕತ್ತಿನ ತನಕ ತುಂಬಿಸಿದ್ರೆ ಗಾಳಿ ಇರಲ್ಲ, ಹುಳಾನೂ ಕಮ್ಮಿ. ತೊಗರಿಬೇಳೆಗೆ ಅತ್ತೆ ಹರಳೆಣ್ಣೆ ಸವರಿ ಕೊಟ್ಟಿದ್ರು, ಅದಕ್ಕೆ ಎಂಟು ತಿಂಗಳೂ ಏನೂ ಆಗ್ಲಿಲ್ಲ. ನೆನೆಸೋಕೆ ಒಂದು ಅಗಲ ಬಾಯಿ ಸ್ಟೀಲ್ ಡಬ್ಬ, ಬೆಳಗ್ಗೆ ನೀರು ಹಾಕಿ ಸೀಟ್ ಕೆಳಗಿಟ್ರೆ ಸಂಜೆ ನಿಲ್ಸೋ ಹೊತ್ತಿಗೆ ರೆಡಿ. ಮೊಳಕೆ ಬೇಕಾದ್ರೆ ಒದ್ದೆ ಪಂಚೆ ಬಟ್ಟೇಲಿ ಗಂಟು ಕಟ್ಟಿ ಬಾಗಿಲ ಮೇಲಿನ ಹಿಡಿಗೆ ನೇತಾಕೋದು, ಗುಜರಾತಲ್ಲಿ ಒಂದೇ ದಿನಕ್ಕೆ ಬಾಲ ಬರ್ತಿತ್ತು, ಸ್ಪಿತಿಲಿ ಮೂರು ದಿನ ಕಾದ್ರೂ ಹೆಸರುಕಾಳು ಕಣ್ಣೇ ಬಿಡ್ಲಿಲ್ಲ.

ಗ್ಯಾಸ್‌ಗೆ ಐದು ಕೆಜಿ ಸಿಲಿಂಡರ್, ಇಂಡಿಯನ್ ಆಯಿಲ್‌ನವ್ರು ಛೋಟು ಅಂತ ಹೆಸರಿಟ್ಟಿರೋದು, ಅಡ್ರೆಸ್ ಪ್ರೂಫ್ ಕೇಳಲ್ಲ, ಒಂದು ಐಡಿ ತೋರಿಸಿದ್ರೆ ಸಾಕು. ಇಬ್ರಿಗೆ ನಮಗೆ 25 ದಿನ ಬರ್ತಿತ್ತು. ಪುಟ್ಟ ಬ್ಯೂಟೇನ್ ಡಬ್ಬಿ ಒಲೆನೂ ಇತ್ತು, ಟೀಗೆ ಸರಿ, ಆದ್ರೆ ಸೊನ್ನೆ ಡಿಗ್ರಿ ಹತ್ರ ಹೋದ್ರೆ ಬ್ಯೂಟೇನ್ ಆವಿನೇ ಆಗಲ್ಲ, ಕಾಜಾದಲ್ಲಿ ಬೆಳಗ್ಗೆ ಡಬ್ಬಿ ತುಂಬಾ ಗ್ಯಾಸ್ ಇದ್ರೂ ಒಲೆ ಉಸಿರೇ ಬಿಡ್ಲಿಲ್ಲ. ಎಷ್ಟೇ ಚಳಿ ಇದ್ರೂ ಗಾಡಿ ಬಾಗಿಲು ಮುಚ್ಕೊಂಡು ಒಳಗೆ ಒಲೆ ಹಚ್ಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ. ಗಾಳಿಗೆ ಮೂರು ಕಡೆ ತಗಡಿನ ಮರೆ ಇಟ್ಕೊಂಡ್ವಿ, ಸಿಲಿಂಡರ್ ಮಾತ್ರ ಆ ಮರೆಯಿಂದ ಆಚೆ ಇರ್ಬೇಕು.

ಕುಕ್ಕರ್‌ಗೆ ಐದಕ್ಕೆ ನಾಕು ಕೊಡ್ತೀನಿ. ಒಂದು ಕಿತ್ಕೊಂಡಿದ್ದು ಗ್ಯಾಸ್ಕೆಟ್‌ಗೆ, ಐದನೇ ತಿಂಗಳಿಗೆ ಸಡಿಲ ಆಗಿ ಪಕ್ಕದಿಂದ ಬುಸ್ ಅನ್ನೋಕೆ ಶುರು ಮಾಡ್ತು, ಬೇರೆ ಊರಲ್ಲಿ ಅದೇ ಸೈಜು ಹುಡುಕೋಕೆ ಮೂರು ಅಂಗಡಿ ಅಲೆದ್ವಿ, ಸಿಕ್ಕಿದ್ದೂ ಒಂದು ಸುತ್ತು ದೊಡ್ಡದು. ಹೊರಡೋ ಮುಂಚೆನೇ ಎರಡು ಎಕ್ಸ್‌ಟ್ರಾ ತಗೊಂಡು ಪೌಡರ್ ಹಾಕಿ ಕವರ್‌ನಲ್ಲಿಡಿ. ಮೂರು ಜನಕ್ಕಿಂತ ಜಾಸ್ತಿ ಇರೋರು ಐದು ಲೀಟರ್‌ದೇ ನೋಡಿ. ನಮ್ಮದು ಸದ್ಯ ಅತ್ತೆ ಮನೇಲಿದೆ. ಹುರುಳಿ ಕಟ್ಟಿನ ಸಾರಿಗೆ ಇದೇ ಸರಿ ಅಂತ ಇಟ್ಕೊಂಡಿದ್ದಾರೆ, ಮುಂದಿನ ಟ್ರಿಪ್‌ಗೆ ಕೇಳಿದ್ರೆ "ಇನ್ನೊಂದು ತಗೊಳ್ರಿ" ಅಂದ್ರು.