ಹಳೇ ಎಚ್‌ಎಫ್ ಸೆಟ್ಟಿಗೆ ದುಡ್ಡು ಕೊಡುವ ಮುಂಚೆ ಕೀ ಒತ್ತಿ ನೋಡಿ

ಇಪ್ಪತ್ತು ವರ್ಷದ ಮೇಲೆ ಹ್ಯಾಮ್ ರೇಡಿಯೋಗೆ, ಅಂದರೆ ಲೈಸೆನ್ಸ್ ಪಡೆದು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದಕ್ಕೆ, ವಾಪಸ್ ಬಂದೆ. ಬಂದ ಮೊದಲ ತಿಂಗಳಲ್ಲೇ ಒಂದು ಹಳೇ ಎಚ್‌ಎಫ್ ಸೆಟ್ಟಿಗೆ (ದೂರದವರ ಜೊತೆ ಮಾತಾಡುವ ಶಾರ್ಟ್‌ವೇವ್ ರೇಡಿಯೋ) 38,000 ರೂಪಾಯಿ ಕಳೆದುಕೊಂಡೆ. ಮತ್ತೆ ಶುರು ಮಾಡಬೇಕು ಅಂತಿರುವವರು ಇದನ್ನು ಓದಿಕೊಂಡು ಸೆಟ್ ನೋಡೋಕೆ ಹೋಗಿ.

ಲೈಸೆನ್ಸ್ ವಿಷಯದಲ್ಲಿ ನಾನು ಅವಸರ ಮಾಡಲಿಲ್ಲ. ದೂರಸಂಪರ್ಕ ಇಲಾಖೆಯ ವೆಬ್‌ಸೈಟ್ ಸರಳ್ ಸಂಚಾರ್‌ನಲ್ಲಿ ಅರ್ಜಿ ಹಾಕಿ, ಅದು ಕೈಗೆ ಬಂದ ಮೇಲೇ ಸೆಟ್ ಹುಡುಕಿದೆ. ಎಡವಿದ್ದು ಆಮೇಲೆ. ಕಾಲೇಜಿನಲ್ಲಿದ್ದಾಗ ನಮ್ಮ ಕ್ಲಬ್ಬಿನಲ್ಲಿ ಎಂಬತ್ತರ ದಶಕದ ಒಂದು ಜಪಾನಿ ಸೆಟ್ ಇತ್ತು. ನನ್ನ ಮೊದಲ ಮಾತು ಗಾಳಿಗೆ ಹೋಗಿದ್ದು ಅದರಿಂದಲೇ. ಅದೇ ಮಾಡೆಲ್ ಬೆಂಗಳೂರಲ್ಲೇ ಮಾರಾಟಕ್ಕಿದೆ ಅಂತ ಗೊತ್ತಾದ ಮೇಲೆ ಬೇರೆ ಯಾವುದೂ ಕಣ್ಣಿಗೆ ಬೀಳಲಿಲ್ಲ.

ಮಾರುವವರ ಮನೆಯಲ್ಲಿ ಸೆಟ್ ಚೆನ್ನಾಗಿ ಕೇಳಿಸುತ್ತಿತ್ತು. 7 ಮೆಗಾಹರ್ಟ್ಸ್‌ನಲ್ಲಿ ಬೆಳಗಿನ ಮಾತುಕತೆ, 14ರಲ್ಲಿ ದೂರದ ಮೋರ್ಸ್, ಎಲ್ಲ ಸ್ಪಷ್ಟ. "ಟ್ರಾನ್ಸ್‌ಮಿಟ್ ಮಾಡಿ ತೋರಿಸ್ತೀರಾ?" ಅಂದೆ.

"ಈ ಪವರ್ ಸಪ್ಲೈ 5 ಆಂಪಿಯರಿಂದು, ಸಾಲಲ್ಲ ಸಾರ್. ಮನೇಲಿ ನೋಡ್ಕೊಳ್ಳಿ, ಫುಲ್ 100 ವಾಟ್ ಬರುತ್ತೆ."

ಸಪ್ಲೈ ಸಾಲಲ್ಲ ಅನ್ನೋದು ನಿಜವೇ. ಬರೀ ಕೇಳೋಕೆ ಒಂದೆರಡು ಆಂಪಿಯರ್ ಸಾಕು, 100 ವಾಟ್ ಹೊರಗೆ ಹೋಗಬೇಕಾದರೆ 13.8 ವೋಲ್ಟಿನಲ್ಲಿ ಸುಮಾರು 20 ಬೇಕು. ಹಾಗಾದರೆ ದೊಡ್ಡ ಸಪ್ಲೈ ಹೊತ್ತುಕೊಂಡು ನಾಳೆ ಬರ್ತೀನಿ ಅನ್ನಬೇಕಿತ್ತು. ಅನ್ನಲಿಲ್ಲ. ದುಡ್ಡು ಎಣಿಸಿ ಕೊಟ್ಟೆ.

ಮನೆಗೆ ತಂದು ಗೆಳೆಯರ ಸಪ್ಲೈಗೆ ಜೋಡಿಸಿ, ಆಂಟೆನಾ ಬದಲು ಡಮ್ಮಿ ಲೋಡ್ (ಸಿಗ್ನಲ್ಲನ್ನು ಹೊರಗೆ ಬಿಡದೆ ಶಾಖವಾಗಿ ನುಂಗುವ ಸಾಧನ) ಹಾಕಿ ಟ್ರಾನ್ಸ್‌ಮಿಟ್ ಕೀ ಒತ್ತಿದೆ. ವಾಟ್ ಮೀಟರಿನ ಮುಳ್ಳು 12ಕ್ಕೆ ಹೋಗಿ ನಿಂತಿತು. 7, 14 ಮೆಗಾಹರ್ಟ್ಸ್‌ನಂಥ ಎಲ್ಲ ಬ್ಯಾಂಡಿನಲ್ಲೂ ಅಷ್ಟೇ. ಸೆಟ್ ಬಿಸಿಯಾಗಿ 40 ನಿಮಿಷ ಆಗುವಷ್ಟರಲ್ಲಿ ಡಿಸ್‌ಪ್ಲೇಯ ಅಂಕಿಗಳು ಮಾಯವಾಗಿ ಬರೀ ಚುಕ್ಕಿಗಳು ಉಳಿದವು. ಸದ್ದೂ ನಿಂತಿತು.

ಮುಚ್ಚಳ ಬಿಚ್ಚಲು ಹೋದರೆ ಸ್ಕ್ರೂಗಳ ತಲೆ ಆಗಲೇ ಸವೆದಿತ್ತು. ಒಳಗೆ ಎರಡು ಫೈನಲ್ ಟ್ರಾನ್ಸಿಸ್ಟರ್, ಅಂದರೆ ಕೊನೆಯಲ್ಲಿ ಪೂರ್ತಿ ಪವರ್ ಕೊಡುವಂಥವು. ಒಂದರ ಮೇಲಿನ ಅಚ್ಚು ಮಾಸಿದೆ, ಇನ್ನೊಂದರದು ಹೊಸದಾಗಿ ಹೊಳೆಯುತ್ತಿದೆ. ಹೊಸದರ ಸುತ್ತ ಬೆಸುಗೆಯ ಫ್ಲಕ್ಸ್ ಕಂದು ಬಣ್ಣಕ್ಕೆ ಒಣಗಿ ಅಂಟಿಕೊಂಡಿತ್ತು. ಇವೆರಡೂ ಒಂದಕ್ಕೊಂದು ಹೊಂದುವ ಜೋಡಿಯಾಗಿರಬೇಕು. ಯಾರೋ ಒಂದನ್ನು ಮಾತ್ರ ಬದಲಿಸಿದ್ದರು. ಈ 2ಎಸ್‌ಸಿ2879 ನಂಬರಿನ ಟ್ರಾನ್ಸಿಸ್ಟರ್ ತಯಾರಾಗೋದು ನಿಂತು ಎಷ್ಟೋ ಕಾಲವಾಗಿದೆ, ಅದೇ ನಂಬರ್ ಅಚ್ಚು ಹಾಕಿದ ನಕಲಿಗಳೇ ಜಾಸ್ತಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಎರಡು ಶನಿವಾರ ಸುತ್ತಿದೆ. ನಂಬುವಂಥ ಜೋಡಿ ಸಿಗಲಿಲ್ಲ.

ಚುಕ್ಕಿಗಳ ಕಾಯಿಲೆಗೆ ಮದ್ದಿದೆ. ಫ್ರೀಕ್ವೆನ್ಸಿ ಹುಟ್ಟಿಸುವ ಆಸಿಲೇಟರಿನ ಭಾಗಗಳು ಅಲ್ಲಾಡದಿರಲಿ ಅಂತ ಆ ಕಾಲದ ಕೆಲವು ಸೆಟ್‌ಗಳಲ್ಲಿ ಅಂಟು ಸುರಿದಿರುತ್ತಾರೆ. ವರ್ಷಗಳು ಕಳೆದಂತೆ ಆ ಅಂಟಿನಲ್ಲೇ ಕರೆಂಟ್ ಸೋರಿ ಪಿಎಲ್‌ಎಲ್ (ಫ್ರೀಕ್ವೆನ್ಸಿಯನ್ನು ಸ್ಥಿರವಾಗಿ ಹಿಡಿದಿಡುವ ಸರ್ಕ್ಯೂಟ್) ಲಾಕ್ ತಪ್ಪುತ್ತದೆ. ಅದನ್ನು ಸಮಾಧಾನವಾಗಿ ಕೆರೆದು ತೆಗೆದೆ, ಸರಿಹೋಯಿತು. ಫೈನಲ್ಸ್ ಮಾತ್ರ ಹಾಗೇ ಉಳಿದಿವೆ.

ಮಾರಿದವರಿಗೆ ಫೋನ್ ಮಾಡಿದೆ. "ನನ್ನ ಹತ್ರ ಇದ್ದಾಗ ಚೆನ್ನಾಗೇ ಇತ್ತು" ಅಂದರು. ಆಮೇಲೆ ಎತ್ತಲೇ ಇಲ್ಲ.

ದಯವಿಟ್ಟು, ಸುಮ್ನೆ ಕೇಳಿಸುತ್ತೆ ಅಂತ ಯಾವ ಸೆಟ್ಟನ್ನೂ ಒಪ್ಪಬೇಡಿ. ರಿಸೀವರ್ ಚೆನ್ನಾಗಿದ್ದ ಮಾತ್ರಕ್ಕೆ ಟ್ರಾನ್ಸ್‌ಮಿಟರ್ ಚೆನ್ನಾಗಿದೆ ಅಂತಲ್ಲ. ಸಪ್ಲೈ, ಡಮ್ಮಿ ಲೋಡ್, ವಾಟ್ ಮೀಟರ್ ನೀವೇ ಒಯ್ಯಿರಿ. ಪ್ರತಿ ಬ್ಯಾಂಡಿನಲ್ಲೂ ಕೀ ಒತ್ತಿಸಿ ನೋಡಿ. ಒಂದು ಗಂಟೆಯಾದರೂ ಆನ್ ಇಟ್ಟು ಅಲ್ಲೇ ಕೂತಿರಿ, ಹಳೇ ಸೆಟ್ಟಿನ ಎಷ್ಟೋ ದೋಷ ಬಿಸಿಯಾದ ಮೇಲೇ ತೋರೋದು. ಸ್ಕ್ರೂಗಳ ತಲೆಯನ್ನೂ ನೋಡಿ, ಸವೆದಿದ್ದರೆ ಯಾರೋ ಒಳಗೆ ಕೈ ಹಾಕಿರಬಹುದು. ಇದಕ್ಕೆಲ್ಲ ಮಾರುವವರು ಬೇಡ ಅಂದರೆ ಎದ್ದು ಬನ್ನಿ.

ಈ ಭಾನುವಾರ ಹಾಸನಕ್ಕೆ ಇನ್ನೊಂದು ಸೆಟ್ ನೋಡೋಕೆ ಹೊರಟಿದ್ದೇನೆ. ಮೂರೂ ಸಾಮಾನು ಕಾರಿನ ಡಿಕ್ಕಿಯಲ್ಲಿವೆ. ಬೆಂಗಳೂರಲ್ಲಿ ಯಾರಾದರೂ ಸೆಟ್ ಕೊಳ್ಳೋಕೆ ಹೊರಟಿದ್ದರೆ ಕೇಳಿ, ಕೊಡ್ತೀನಿ.