ಹಕ್ಕಿ ಸಮೀಕ್ಷೆಗೆ ಬಿಂದು ಎಣಿಕೆಯೋ, ಬಲೆಯೋ, ಧ್ವನಿಮುದ್ರಕವೋ?

ಉಷ್ಣವಲಯದ ಕಾಡು, ತೋಟ ಮತ್ತು ಹೊಲಗಳ ಹಕ್ಕಿ ವೈವಿಧ್ಯವನ್ನು ಹೋಲಿಸಲು ಯಾವ ವಿಧಾನ ಸೂಕ್ತವೆಂದು ಕೇಳಿದ್ದೀರಿ. ವೆಚ್ಚಕ್ಕಿಂತ ಮೊದಲು ಯೋಚಿಸಬೇಕಾದದ್ದು, ಹಕ್ಕಿ ನಮಗೆ ಪತ್ತೆಯಾಗುವ ಸಾಧ್ಯತೆ ಎಲ್ಲ ಆವಾಸಗಳಲ್ಲೂ ಒಂದೇ ಆಗಿದೆಯೇ ಎಂಬುದನ್ನು.

ಒಂದೆಡೆ ನಿಂತು 5ರಿಂದ 10 ನಿಮಿಷ ಗಮನಿಸುವ ಬಿಂದು ಎಣಿಕೆಯಲ್ಲಿ, ತೆರೆದ ಹೊಲದ ದೂರದ ಹಕ್ಕಿಯೂ ಕಾಣುತ್ತದೆ, ದಟ್ಟ ಕಾಡಿನಲ್ಲಿ ಹತ್ತಿರದ್ದೂ ಮರೆಯಾಗುತ್ತದೆ. ಆದ್ದರಿಂದ ಪ್ರತಿ ಹಕ್ಕಿಯ ದೂರವನ್ನು ದಾಖಲಿಸಿ ಲೆಕ್ಕವನ್ನು ಸರಿಪಡಿಸದಿದ್ದರೆ, ಕಾಡಿಗಿಂತ ಹೊಲವೇ ಸಮೃದ್ಧವೆಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಕಂಬಗಳ ನಡುವೆ ಕಟ್ಟುವ, ಹಕ್ಕಿಗೆ ಸುಲಭವಾಗಿ ಕಾಣದ ತೆಳುವಾದ ಮಿಸ್ಟ್ ನೆಟ್ ಬಲೆಯ ಪಕ್ಷಪಾತ ಇನ್ನೂ ಸೂಕ್ಷ್ಮವಾದುದು. ನೆಲದಿಂದ ಸುಮಾರು 3 ಮೀಟರ್ ಎತ್ತರದೊಳಗೆ ಹಾರುವ ಹಕ್ಕಿಗಳನ್ನಷ್ಟೇ ಹಿಡಿಯುವ ಈ ಬಲೆಗೆ, ಕಾಡಿನ ಮರತುದಿಯಲ್ಲಿ ಬದುಕುವ ಪ್ರಭೇದಗಳು ಸಿಗುವುದು ಅಪರೂಪ. ಅವೇ ಪ್ರಭೇದಗಳು ಗಿಡ್ಡ ಮರಗಳ ತೋಟಕ್ಕೆ ಬಂದಾಗ ಕೆಳಗೆ ಹಾರಿ ಸಿಕ್ಕಿಬೀಳುತ್ತವೆ. ತಾಣದಲ್ಲೇ ಇಟ್ಟುಬರುವ ಸ್ವಯಂಚಾಲಿತ ಧ್ವನಿಮುದ್ರಕವು ರಾತ್ರಿಹಕ್ಕಿಗಳನ್ನೂ ದಾಖಲಿಸುತ್ತದೆ, ಆದರೆ ಮೌನವಾಗಿರುವ ಹದ್ದುಗಳನ್ನು ಬಿಟ್ಟುಬಿಡುತ್ತದೆ. ಜೀರುಂಡೆ, ಮಳೆ ಮತ್ತು ವಾಹನಗಳ ಸದ್ದೂ ಅಡ್ಡಬರುತ್ತದೆ.

ಖರ್ಚಿನಲ್ಲಿ ಬಿಂದು ಎಣಿಕೆ ಹಗುರ, ಆದರೆ ಕೂಗಿನಿಂದಲೇ ಹಕ್ಕಿಯನ್ನು ಗುರುತಿಸುವ ಪರಿಣತರು ಬೇಕು. ಮುದ್ರಕಗಳಿಗೆ ಹಣವೂ, ನಂತರ ಆಲಿಸಲು ದೀರ್ಘ ಸಮಯವೂ ಬೇಕು. ಬಲೆಗೆ ಪರವಾನಗಿ ಮತ್ತು ತರಬೇತಿ ಪಡೆದ ಕೈಗಳಿಲ್ಲದೆ ಮುಂದುವರಿಯಲೇಬಾರದು, ಏಕೆಂದರೆ ಇಲ್ಲಿ ಹಕ್ಕಿಯ ಜೀವವೇ ಪಣಕ್ಕಿರುತ್ತದೆ.

ಪರಿಣತರಿದ್ದು ಹಲವು ಆವಾಸಗಳನ್ನು ಬೇಗ ಸುತ್ತಬೇಕಾದರೆ ಬಿಂದು ಎಣಿಕೆಯನ್ನು ಆರಿಸಿರಿ. ಪರಿಣತರು ವಿರಳವಾಗಿದ್ದು, ಅನೇಕ ತಾಣಗಳಲ್ಲಿ ಒಂದೇ ಮುಂಜಾವಿನಲ್ಲಿ ದಾಖಲೆ ಬೇಕಿದ್ದರೆ ಮುದ್ರಕವೇ ಮೇಲು. ತೋಟದಲ್ಲಿ ಕಂಡ ಹಕ್ಕಿ ಅಲ್ಲಿ ಸಂತಾನಾಭಿವೃದ್ಧಿ ಮಾಡುತ್ತಿದೆಯೇ, ವರ್ಷದಿಂದ ವರ್ಷಕ್ಕೆ ಬದುಕುಳಿಯುತ್ತಿದೆಯೇ ಎಂಬ ಪ್ರಶ್ನೆಗೆ ಹಿಡಿದ ಹಕ್ಕಿಯ ಕಾಲಿಗೆ ಗುರುತಿನ ಉಂಗುರ ತೊಡಿಸಿ ಬಿಡುವ ಬಲೆಯ ವಿಧಾನವೇ ಹೆಚ್ಚು ನೆರವಾಗುತ್ತದೆ.